ಹಲ್ಲು ನೋಡಿದ್ದು

ದಾನ ಕೊಟ್ಟ ಎಮ್ಮೆಯ ಹಲ್ಲು ಹಿಡಿದು ನೋಡಬಾರದಂತೆ.
ಇದು ದಾನವಲ್ಲ. ಮುನ್ನೂರು ಪೌಂಡು, ನಗದು.
ಇಡ್ವಲ್ ನೋಡಿದ.
ಬಾಯಲ್ಲಿ ಟಾರ್ಚು ಕಚ್ಚಿ ಕೆಸರಲ್ಲೇ ಅಂಗಾತ ಮಲಗಿ
ಚಾಸಿಯ ಉದ್ದಕ್ಕೂ ಸುತ್ತಿಗೆಯಿಂದ ಕುಟ್ಟುತ್ತ ಹೋದ,
ನಾನು ಹಸುವಿನ ಪಕ್ಕೆಗೆ ಬೆರಳು ಬಡಿದು ಆಲಿಸುವ ಹಾಗೆ.
ಟಣ್, ಟಣ್. ಹಿಂಚಕ್ರದ ಬಳಿ ಮಾತ್ರ
ನೆನೆದ ರಟ್ಟಿನ ಸದ್ದು.
‘ಮೈ ಹೋಗಿದೆ ಡಾಕ್ಟರೇ, ಮೂಳೆ ಇದೆ’ ಅಂದ.
ಈ ಕಣಿವೆಯಲ್ಲಿ ಇಪ್ಪತ್ತೊಂಬತ್ತು ವರ್ಷ
ಅಂಥ ಮಾತು ಆಡಿದವಳು ನಾನು.

ಡರ್ಬಿಯಿಂದ ಲಾರಿಯಲ್ಲಿ ಬಂತು ಹೊಸ ಮೈ:
ಕೊಳವೆಗಳ ಕಟ್ಟು, ಹಳದಿ ಫೈಬರಿನ ಬಾಗಿಲು,
ಬಿಸ್ಕತ್ತಿನ ಡಬ್ಬಿಯಲ್ಲಿ ಬೋಲ್ಟು,
ಹನ್ನೊಂದನೇ ಪುಟವಿಲ್ಲದ ಕೈಪಿಡಿ.
ಆ ಪುಟವನ್ನು ಇಡ್ವಲನ ಸೋದರಸೊಸೆ ಹೆಲೆದ್
ಹದಿನೇಳರ ಹುಡುಗಿ
ಕೊಟ್ಟಿಗೆಯ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ತಾನೇ ಬರೆದಳು.

ಹಳೆಯ ಮೈ ಒಂದೇ ಭಾನುವಾರಕ್ಕೆ ಕಳಚಿತು.
ಕರು ಎಳೆಯುವ ಹಗ್ಗ, ನಾಯಿಗೂದಲು, ಅಯೊಡಿನ್ನಿನ ಕಲೆ;
ಸೀಟಿನ ಸಂದಿಯಲ್ಲಿ, ಎಂದೋ ಕಳೆದಿದ್ದ ಥರ್ಮಾಮೀಟರು.
ಪಾದರಸ ಇನ್ನೂ ನಲವತ್ತೊಂದರಲ್ಲೇ ನಿಂತಿದೆ.
ಯಾರ ಕೊಟ್ಟಿಗೆಯ, ಯಾವ ಹಸುವಿನ ಜ್ವರವೋ.
ಬದುಕಿತೋ ಇಲ್ಲವೋ.
ಜಾಡಿಸಿ ಇಳಿಸಲು ಕೈ ಬರಲಿಲ್ಲ,
ಜೇಬಿಗೆ ಹಾಕಿಕೊಂಡೆ.

ಬೆನ್ನೆಲುಬಿನ ನಡುವೆ ಹದಿನಾಲ್ಕು ಇಂಚು ಕತ್ತರಿಸಿ
ಎರಡು ತುಂಡು ಕೂಡಿಸಿದಳು ಹೆಲೆದ್.
ಹೊಲಿಗೆಯ ಮೇಲೆ ಬೆರಳಾಡಿಸಿದೆ:
ನನ್ನ ಕೈಯಲ್ಲಿ ಯಾವ ಸಿಸೇರಿಯನ್ನೂ
ಇಷ್ಟು ನೇರವಾಗಿ ಮುಚ್ಚಿರಲಿಲ್ಲ.
ಹೇಳಲಿಲ್ಲ. ಚಹಾ ಹಾಕಿಕೊಟ್ಟೆ.

ತಪಾಸಣೆಗೆ ಬಂದ ಸರ್ಕಾರದ ಮನುಷ್ಯ ಬಲು ಮರ್ಯಾದಸ್ಥ.
ಚೆಂಡಿನಂಥದೊಂದನ್ನು ಅಂಚಂಚಿಗೂ ಉರುಳಿಸಿ
ಕನ್ನಡಿಯ ಹಿಂದಿನ ಬೋಲ್ಟು ಮೊನಚೆಂದು
ಫೇಲು ಮಾಡಿ ಕಳಿಸಿದ.
ಎರಡನೇ ಸಲ ಪಾಸು; ಆದರೆ ನಂಬರಿನ ಮೊದಲಕ್ಷರ ‘ಕ್ಯೂ’.
ಮೂಲ ತಿಳಿಯದ ಗಾಡಿಗೆ ಕೊಡುವ ಅಕ್ಷರ ಅದು.

‘ತಿಳಿಯದಂತೆ!’ ಸ್ಪ್ಯಾನರು ಎಸೆದಳು ಹೆಲೆದ್.
‘ಇವರೇ ಇಲ್ಲಿ ನಿಂತಿದ್ದಾರಲ್ಲ, ಕೇಳಬಹುದಿತ್ತು!’
ಕೇಳಿದ್ದರೆ ಏನೆನ್ನುತ್ತಿದ್ದೆನೋ.
ಹಳದಿ ಬಳಿದುಕೊಂಡು ಗಿಡ್ಡಗೆ ನಿಂತ ಈ ಕಪ್ಪೆ
ನನ್ನ ಗುರುತು ಹಿಡಿದಂತಿರಲಿಲ್ಲ.

ಮೊದಲ ಸವಾರಿ ಅರೆನಿಗ್ ಬೆಟ್ಟದ ಬುಡದ
ಹಳೆಯ ಸ್ಲೇಟುಗಣಿಯ ದಾರಿ.
ಮಾಡಿಲ್ಲ, ಗಾಜಿಲ್ಲ, ಮುಖಕ್ಕೆಲ್ಲ ಕುರಿಹಿಕ್ಕೆಯ ಕೆಸರು.
ಹಿಂದೆ ಇಡ್ವಲ್, ಪಕ್ಕದಲ್ಲಿ ನಾನು.
ಏರಿನಲ್ಲಿ ಎರಡರಿಂದ ಮೂರಕ್ಕೆ ಗೇರು ಬೀಳದೆ
ಹಲ್ಲು ಕಡಿಯಿತು ಗಾಡಿ.
‘ಎಡಕ್ಕೆ ಚೂರು ಎಳೆದು, ಉಸಿರು ಬಿಟ್ಟು, ಆಮೇಲೆ ನೂಕು’
ಅಂದುಬಿಟ್ಟೆ. ಬೆಣ್ಣೆಯ ಹಾಗೆ ಬಿತ್ತು.

ಗಣಿಯ ಬಾಯಿ ತಲುಪುವವರೆಗೆ ಯಾರೂ ಮಾತಾಡಲಿಲ್ಲ.
ಎಂಜಿನ್ನು ಆರಿಸಿದ ಮೇಲೆ, ಗಾಳಿಯಲ್ಲಿ,
ಹಿಂದಿನಿಂದ ಇಡ್ವಲನ ದನಿ:
‘ಎಷ್ಟು ವರ್ಷದಿಂದ ಹೀಗಿದೆ ಡಾಕ್ಟರೇ?’
‘ಹನ್ನೆರಡು.’
‘ಮತ್ತೆ ಮುನ್ನೂರು?’
ಜೇಬಿನಲ್ಲಿ ಗಾಜಿನ ಕಡ್ಡಿ ಸವರುತ್ತ
ನಾನು ಕುರಿಗಳನ್ನು ಎಣಿಸತೊಡಗಿದೆ.