ಹತ್ತಿಯ ಸಾಕ್ಷಿ

ಲಾಹ್ತಿಯಲ್ಲಿ ಅಂದು ಮೈನಸ್ ಇಪ್ಪತ್ತೆರಡು.
ತೌನೊ ಹಿಯೆತಲ ತಾನೇ ಲಾರಿ ಓಡಿಸಿಕೊಂಡು ಬಂದ,
ಬಾಗಿಲಿಗೆ ಕಂಬಳಿ ಹೊದಿಸಿ,
ಜ್ವರದ ಕೂಸನ್ನು ಕರೆತಂದ ಹಾಗೆ.

ಬರ್ಚ್ ಮರ. ಮೂರು ತಲೆಮಾರಿನ ಉಳಿ.
ಅಂಗೈಯಿಂದ ಒಮ್ಮೆ ತಟ್ಟಿ ಹೇಳಿದ:
"ಒಂದು ಗಂಟೆ ಬೆಂಕಿ ತಡೆಯುತ್ತೆ, ಹೆಲ್ಕಾ.
ನಮ್ಮ ಶೆಡ್ಡಿನಲ್ಲಿ ನಾನೇ ಸುಟ್ಟು ನೋಡಿದ್ದೇನೆ."
ನಾನು ನಂಬಿದೆ. ನಂಬಿಯೇ ಕುಲುಮೆಯ ಬಾಯಿಗೆ ಬಿಗಿದೆ.
ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರಲ್ಲ,
ಮುದ್ದು ಸುಳ್ಳಲ್ಲ;
ಹೆಗ್ಗಣದ ತೂಕ ಮಾತ್ರ ಬೇರೆಯವರು ನೋಡಬೇಕು.

ಐದನೆಯ ನಿಮಿಷಕ್ಕೆ ಐನೂರ ಎಪ್ಪತ್ತಾರು ಡಿಗ್ರಿ.
ಬಾಗಿಲಿನ ಈಚೆ ನಾವು, ಕೋಟು ಬಿಚ್ಚದೆ.
ತೌನೊ ನಕ್ಕ: "ನನ್ನಜ್ಜ ಸೌನಾದಲ್ಲೇ ಹುಟ್ಟಿದ್ದು."
ಇಪ್ಪತ್ತು. ಮೂವತ್ತು. ಬಣ್ಣ ಗುಳ್ಳೆಯೆದ್ದಿತು.
ಗುಳ್ಳೆ ತಪ್ಪಲ್ಲ, ಎಂದೆ.
ನಲವತ್ತಕ್ಕೆ ಅವನು ನಗುವುದು ಬಿಟ್ಟ.
ನಲವತ್ತೇಳಕ್ಕೆ, ಮೇಲಿನ ಕೀಲಿನ ಪಕ್ಕ,
ಉಗುರಿನಷ್ಟು ಕೆಂಪು.

ತಂತಿಯ ಚೌಕಟ್ಟಿಗೆ ಹತ್ತಿ ಸಿಕ್ಕಿಸಿ ಬಿರುಕಿಗೆ ಹಿಡಿದೆ.
ಹತ್ತಿ ಹೊತ್ತಿಕೊಂಡರೆ ಬಾಗಿಲು ಸೋತ ಹಾಗೆ.
ಅದಕ್ಕೆ ತೌನೊನ ಅಜ್ಜ ಗೊತ್ತಿಲ್ಲ,
ಮರದ ಬೆಲೆ ಗೊತ್ತಿಲ್ಲ, ಬ್ಯಾಂಕಿನ ಕಂತು ಗೊತ್ತಿಲ್ಲ.
ಹೊತ್ತಿಕೊಂಡಿತು.

"ಸ್ವಲ್ಪ ದೂರ ಹಿಡಿದಿದ್ದರೆ?" ಅಂದ, ಮೆಲ್ಲಗೆ.
ಒಂದು ಬೆರಳಿನಷ್ಟು. ಕೇಳಿದ್ದು ಅಷ್ಟೇ.
ಹದಿಮೂರು ನಿಮಿಷ ಕಡಿಮೆ.
ರಾತ್ರಿ ಪಾಳಿಯಲ್ಲಿ ಇಬ್ಬರೇ ದಾದಿಯರು,
ಚಕ್ರದ ಮೇಲೆ ತಳ್ಳಬೇಕಾದ ಹದಿನೇಳು ಮಂಚ.
ಮನಸ್ಸಿನಲ್ಲೇ ಭಾಗಿಸಿ ನೋಡಿದೆ; ಅವನಿಗೆ ಹೇಳಲಿಲ್ಲ.

ನನ್ನ ಕೈ ಹುಟ್ಟಿನಿಂದಲೇ ಗಟ್ಟಿ ಎಂದು ಹೇಳಲಾರೆ.
ಅಕ್ಟೋಬರಿನಲ್ಲಿ ಒಬ್ಬ ಬಂದಿದ್ದ,
ನಮಗೇ ಮಾನ್ಯತೆ ಕೊಡುವ ಸಂಸ್ಥೆಯವನು,
ತೆಳ್ಳನೆಯ ಹುಡುಗ; ಊಟಕ್ಕೆ ಕರೆದರೆ ತನ್ನ ಡಬ್ಬಿ ತೆರೆದ.
ಈ ಉಷ್ಣಮಾಪಕವನ್ನು ಅಳೆದವರು ಯಾರು? ಅವರನ್ನು ಅಳೆದವರು?
ಮುತ್ತಜ್ಜನ ತನಕ ಯಂತ್ರದ ವಂಶಾವಳಿ ಕೇಳಿದ.
ಬಾಗಿಲು ಗೆದ್ದರೂ ಸೋತರೂ ನಿಮ್ಮ ಸಂಬಳ ಒಂದೇನಾ?
ಕಣ್ಣು ಪರೀಕ್ಷೆ ಮಾಡಿಸಿ ಎಷ್ಟು ದಿನವಾಯಿತು?
ಕೊನೆಗೆ: ಈ ಹತ್ತಿಯನ್ನು ಒಣಗಿಸಿದ ದಾಖಲೆ ಎಲ್ಲಿ?
ಇರಲಿಲ್ಲ.
ತೇವದ ಹತ್ತಿ ಕರುಣಾಮಯಿ, ತಡವಾಗಿ ಹೊತ್ತುತ್ತದೆ.
ನನ್ನ ಹತ್ತೊಂಬತ್ತು ವರ್ಷದ ಎದುರು ಅವನು ಬರೆದ:
"ಲೋಪ, ಒಂದು."
ಆ ರಾತ್ರಿಯಿಡೀ ಕಿವಿ ಬಿಸಿ. ಒರೆಗಲ್ಲಿಗೂ ಒರೆಯುಂಟೆಂದು
ಅಷ್ಟು ತಡವಾಗಿ ಕಲಿತೆನಲ್ಲ.

ಇದನ್ನೆಲ್ಲ ತೌನೊಗೆ ಹೇಗೆ ಹೇಳುವುದು.
ನಲವತ್ತೇಳು ಎಂದು ಬರೆದೆ, ಸಹಿ ಹಾಕಿದೆ.
ಹಿತ್ತಲಲ್ಲಿ, ಹಿಮದಡಿ, ಸೋತ ಬಾಗಿಲುಗಳ ಸಾಲು,
ಎಲ್ಲಿಗೂ ತೆರೆಯದೆ ಒರಗಿಕೊಂಡವು.
ತನ್ನದನ್ನೂ ಅಲ್ಲಿಟ್ಟು, ಕೀಲು ತಣಿಯುವವರೆಗೆ ಕಾದು,
ಅದೊಂದನ್ನು ಬಿಚ್ಚಿ ಜೇಬಿಗಿಳಿಸಿ
ಕಂಬಳಿ ಮಡಿಚಿಕೊಂಡು ಹೋದ.

ಮೇ ತಿಂಗಳಲ್ಲಿ ಮತ್ತೆ ಲಾರಿ. ಈ ಸಲ ಕಂಬಳಿಯಿಲ್ಲ.
ಕೀಲಿನ ಹಿಂದೆ, ಕಾವಿಗೆ ಉಬ್ಬಿ ಸಂದು ಮುಚ್ಚುವ ಪಟ್ಟಿ.
ಅರವತ್ತನಾಲ್ಕನೆಯ ನಿಮಿಷದವರೆಗೂ
ಹತ್ತಿ ಬೆಳ್ಳಗಿತ್ತು. ಒಣಗಿಸಿದ ಹತ್ತಿ.
"ಅಜ್ಜನಿಗೆ ಇದು ಗೊತ್ತಿರಲಿಲ್ಲ" ಅಂದ,
ನನಗಲ್ಲ, ಕುಲುಮೆಗೆ.

ಮರುವರ್ಷ ಅಕ್ಕನ ಮಂಡಿಯ ಆಪರೇಷನ್.
ಆಸ್ಪತ್ರೆಯ ಮೂರನೆಯ ಮಹಡಿಯಲ್ಲಿ
ನಾನು ಸುಟ್ಟ ಬಾಗಿಲಿನ ಒಡಹುಟ್ಟು.
ಅಂಚಿನಲ್ಲಿ ಬೆರಳುದ್ದದ ತಗಡು, ನಾನು ಬಲ್ಲ ಅಂಕಿ.
ಯಾರೂ ಓದುವುದಿಲ್ಲ.
ಓದದೆ ನಿದ್ದೆ ಮಾಡಲಿ ಎಂದೇ ಅದನ್ನು ಹೊಡೆದದ್ದು.
ಆದರೆ ಅಡಿಯಲ್ಲಿ,
ಟ್ರಾಲಿ ಸಲೀಸಾಗಿ ಹೋಗಲೆಂದು
ಯಾರೋ ಸಿಕ್ಕಿಸಿದ ಮರದ ಬೆಣೆ.
ಹಾರುಹೊಡೆದು ನಿಂತಿತ್ತು ಅರವತ್ತನಾಲ್ಕು ನಿಮಿಷ.

ಬಗ್ಗಿದೆ. ಬೆಣೆ ಕಿತ್ತು ಜೇಬಿಗೆ ಹಾಕಿಕೊಂಡೆ.
ಅದೂ ಬರ್ಚೇ ಇರಬೇಕು.