ಅಲ್ಪವಿರಾಮ

ಜುಲೈ ಕೊನೆಯ ವಾರ. ಪ್ರೆನ್ಸ್‌ಲೌ ಆಚೆಯ ಬಯಲಲ್ಲಿ
ಗೋಧಿ ಕೊಯ್ಯುವ ಯಂತ್ರಗಳಿಗೆ ಊಟದ ಹೊತ್ತೂ ಇಲ್ಲ.
ಒಂದರ ಬಾಲಕ್ಕೊಂದು ಟ್ರೇಲರು
ನನ್ನ ಕಿಟಕಿಯ ಕೆಳಗೆ, ಕಬ್ಬಿಣದ ಹಲಗೆ ಹತ್ತಿ
ಏದುಸಿರು ಬಿಟ್ಟು ನಿಲ್ಲುತ್ತವೆ.
ತೂಕ ಓದುತ್ತೇನೆ, ಚೀಟಿ ಹರಿದು ಕೊಡುತ್ತೇನೆ.
ಇಪ್ಪತ್ತಾರು ಸುಗ್ಗಿಯಿಂದ ಇದೇ ಕುರ್ಚಿ.

ಮೋಡ ಕಟ್ಟಿದ ಮಧ್ಯಾಹ್ನ ತೆನೆಯಿಂದ ಅವು ಏಳುತ್ತವೆ.
ಗುಡುಗಿನ ಮರಿಗಳು ಅನ್ನುತ್ತೇವೆ ಇಲ್ಲಿ.
ಎಳ್ಳಷ್ಟೂ ಇಲ್ಲ; ಎಳ್ಳಿಗೊಂದು ನೆರಳಿದ್ದರೆ ಅಷ್ಟು.
ಬೆವರಿದ ಕತ್ತಿಗೆ, ಹುಬ್ಬಿಗೆ, ಬ್ರೆಡ್ಡಿನ ಬೆಣ್ಣೆಗೆ.
ಗೋಡೆಯ ಫೋಟೋದ ಗಾಜಿನ ಹಿಂದೆಯೂ ನುಸುಳಿ
ಸಂಘದ ಮೊದಲ ಅಧ್ಯಕ್ಷರ ಕೆನ್ನೆಗೆ
ವರ್ಷಕ್ಕೆರಡು ಹೊಸ ಮಚ್ಚೆ.

ಇವತ್ತೊಂದು, ಅದು ಹೇಗೋ, ಪರದೆಗೆ ಬಂತು.
ಮೇಲಲ್ಲ, ಒಳಗೆ.
ಬೆರಳಿಟ್ಟರೆ ಬೆರಳಿಗೆ ಸಿಗುವುದು ಗಾಜು.
ಗಾಜಿನಾಚೆ, ಬೆಳಕಿನ ಎರಡು ಹಾಳೆಗಳ ನಡುವೆ
ಅದು ದಾರಿ ಕೇಳುವವರ ಹಾಗೆ
ನಿಂತು ನಿಂತು ನಡೆಯುತ್ತಿತ್ತು.

ಬುರ್ಕ್‌ಹಾರ್ಟ್ ಕ್ರೆಪ್ಲಿನ್‌ನ ಗಾಡಿ ಹಲಗೆಗೆ ಬಂದಾಗ
ಮೂಡಿತು: ೨೪೬೮೦ ಕಿಲೋ.
ಹುಳ ಎರಡರ ಬಾಲ ದಾಟಿ
ನಾಲ್ಕರ ಪಾದಕ್ಕೆ ಒರಗಿ ಕೂತಿತು.
ನಮ್ಮಲ್ಲಿ ದಶಾಂಶಕ್ಕೆ ಚುಕ್ಕಿಯಲ್ಲ, ಅಲ್ಪವಿರಾಮ:
೨,೪೬೮೦.
"ಎರಡು ಕಿಲೋ ನಾನೂರ ಅರವತ್ತೆಂಟು ಗ್ರಾಂ" ಎಂದೆ.
ಅವನು ಕಿಟಕಿಗೆ ತಲೆ ತೂರಿಸಿ ನೋಡಿದ.
"ಎರಡು ಕೇಕಿಗೆ ಸಾಕು, ರೋಸ್‌ವಿತಾ.
ಬ್ಯಾಂಕಿನವರನ್ನೂ ಕರಿ" ಎಂದು ನಕ್ಕು
ಗ್ರೀಸು ಮೆತ್ತಿದ ಹೆಬ್ಬೆರಳು ಚಾಚಿದ: "ಒತ್ತಲಾ?"

ಕೈ ಹಿಡಿದೆ.
ಹಳೆಯ ಪರದೆಯಲ್ಲಿ ಒಂದನ್ನು ನಾನೇ ಒತ್ತಿದ್ದೆ,
ಯಾರ ಮೇಲಿನ ಸಿಟ್ಟೋ, ಮರೆತಿದೆ.
ಬದುಕಿದ್ದರೆ ಎಂದಾದರೂ ಹೊರಟುಹೋದೀತು.
ಒತ್ತಿದರೆ ಸಾಯುತ್ತದೆ; ಸತ್ತದ್ದು ಎಲ್ಲಿಗೂ ಹೋಗುವುದಿಲ್ಲ.
ನಾಲ್ಕು ವರ್ಷ ಅದು ತಾರೀಖಿನ ಪಕ್ಕ ಇತ್ತು,
ಪ್ರತಿ ದಿನ ಬೇರೆ ತಾರೀಖು, ಅದೇ ಹುಳ.

ಪರದೆ ಆರಿಸಿದೆ.
ಮೇಜಿನ ದೀಪದ ಕತ್ತು ಬಗ್ಗಿಸಿ
ಪರದೆಯ ಅಂಚಿಗೆ ಹಿಡಿದೆ.
ಹೊರಗೆ ಹಾರ್ನು. ಹನ್ನೊಂದು ಗಾಡಿ.
ಪಶ್ಚಿಮಕ್ಕೆ ಸೀಸದ ಬಣ್ಣದ ಆಕಾಶ,
ನೆಂದರೆ ಗೋಧಿಯ ದರ ಇಳಿಯುತ್ತದೆ, ಗೊತ್ತು.
ಓಡರ್ ನದಿಯಾಚೆಯಿಂದ ಗಾಡಿ ತರುವ ಯೊಲಾಂಟಾ
ಇಳಿದು ಬಂದು ಕೇಳಿದಳು, ಕರೆಂಟು ಹೋಯಿತಾ?
"ಇಲ್ಲ, ಒಬ್ಬರು ಹೊರಗೆ ಬರಬೇಕು" ಎಂದೆ.
ಅವಳು ಸೂರ್ಯಕಾಂತಿ ಬೀಜದ ಪೊಟ್ಟಣ ಬಿಚ್ಚಿ
ಬಾಗಿಲಿಗೆ ಒರಗಿದಳು. ಬುರ್ಕ್‌ಹಾರ್ಟ್‌ಗೂ ಒಂದು ಹಿಡಿ.
ಕಪ್ಪು ಗಾಜಿನಲ್ಲಿ ನಾವು ಮೂವರೂ ಕಾಣುತ್ತಿದ್ದೆವು,
ಸಿಪ್ಪೆ ಉಗಿಯುತ್ತ.

ಹತ್ತು ನಿಮಿಷ. ದೀಪದ ಸುತ್ತ ಹತ್ತಾರು ಸುಳಿದಾಡಿದವು,
ನಮ್ಮದು ಯಾವುದೋ ತಿಳಿಯಲಿಲ್ಲ.
ಹಚ್ಚಿದೆ. ಅಂಕಿ ಬಂತು, ಅಲ್ಪವಿರಾಮವಿಲ್ಲದೆ.
"ಇಪ್ಪತ್ನಾಲ್ಕು ಟನ್ ವಾಪಸು ಸಿಕ್ಕಿತಪ್ಪ" ಎಂದು
ಅವನು ಚೀಟಿ ಜೇಬಿಗಿಳಿಸಿದ.

ನನ್ನ ತಕ್ಕಡಿ ಲೆಕ್ಕ ಇಡುವುದು ಇಪ್ಪತ್ತು ಕಿಲೋಗೊಮ್ಮೆ.
ಚಾಲಕನ ನಾಯಿಮರಿ, ಕೊಡೆ, ಸೀಟಿನಲ್ಲಿ ಬಿಟ್ಟ ಕೋಟು,
ಯಾವುದೂ ಅದಕ್ಕೆ ಕಾಣದು.
ಯೊಲಾಂಟಾಳ ಗಾಡಿ ಹಲಗೆ ಹತ್ತುವಾಗ
ಮೊದಲ ಹನಿ ಬಿತ್ತು, ಅವಳ ಟಾರ್ಪಾಲಿನ ಮೇಲೆ
ಟಪ್ ಎಂದು, ನನಗೆ ಕೇಳುವ ಹಾಗೆ.
ಅಂಕಿ ಅಲುಗಲಿಲ್ಲ.