ನೀರಗಂಟಿ

ರಾತ್ರಿ ಪಾಳಿ. ಏಳನೇ ಹಾಸಿಗೆ.
ಜೈತೂನ್‌ಬಿ, ವಯಸ್ಸು ಐವತ್ತಾರು ಅಂತ ಚೀಟಿಯಲ್ಲಿ;
'ಅರವತ್ತೂ ಇರಬೌದು, ಯಾರು ಎಣಿಸ್ಯಾರ' ಅಂತ ಅವಳು.
ಬೆರಳ ತುದಿಗೆ ಕಚ್ಚಿದ ಕ್ಲಿಪ್ಪಿನ ಕೆಂಪು ಬೆಳಕು:
ಎಂಬತ್ತೊಂದು, ಎಂಬತ್ತು,
ಮತ್ತೆ ಎಂಬತ್ತೊಂದು.

ಮೂವತ್ತೆಂಟು ವರ್ಷ ಮಂಡಕ್ಕಿ ಭಟ್ಟಿ.
ಕಾದ ಮರಳಲ್ಲಿ ಅಕ್ಕಿ ಅರಳುವುದು
ಒಂದು ಉಸಿರು ಎಳೆದು ಬಿಡುವಷ್ಟು ಹೊತ್ತಿನಲ್ಲಿ,
ಅಷ್ಟರೊಳಗೆ ಜರಡಿ ಹಿಡಿಯಬೇಕು.
ಒಲೆಗೆ ಹೊಟ್ಟು. ಹೊಟ್ಟು ಸಾಲದ ದಿನ ಹಳೇ ಟೈರು.
ದಾವಣಗೆರೆಯ ಸಂಜೆಗೆಲ್ಲ ಬಿಳೀ ಮಂಡಕ್ಕಿ, ಜೊತೆಗೊಂದು ಮಿರ್ಚಿ.
ಎಕ್ಸ್‌ರೇ ಬೆಳಕಿಗೆ ಹಿಡಿದೆ:
ವಪೆ ಕೆಳಗೆ ಒತ್ತಿಹೋಗಿದೆ,
ಎದೆಯ ಗಾಳಿಗೂಡುಗಳೂ ಮಂಡಕ್ಕಿಯ ಹಾಗೇ ಅರಳಿವೆ,
ಒಳಗೆ ಪೊಳ್ಳು.

ಮೈಯ ಉಳಿದೆಡೆ ಉಸಿರು ಕಡಿಮೆಯಾದರೆ
ರಕ್ತನಾಳ ಬಾಯಿ ಅಗಲಿಸುತ್ತದೆ,
ತಗೋ, ಇನ್ನಷ್ಟು ತಗೋ ಅನ್ನುತ್ತದೆ, ತಾಯಿಯ ಹಾಗೆ.
ಶ್ವಾಸಕೋಶದ ನ್ಯಾಯವೇ ಬೇರೆ.
ಗಾಳಿ ಬಾರದ ಗೂಡಿಗೆ ಅಲ್ಲಿ ರಕ್ತವೂ ಇಲ್ಲ;
ಸಣ್ಣ ನಾಳವೊಂದು ಮುಷ್ಟಿ ಬಿಗಿಯುತ್ತದೆ,
ರಕ್ತ ಪಕ್ಕದ ದಾರಿ ಹಿಡಿಯುತ್ತದೆ.

ನರ್ಸಿಂಗ್ ತರಗತಿಯಲ್ಲಿ ಇದು ಯಾರಿಗೂ ತಲೆಗೆ ಹೋಗಲಿಲ್ಲ.
ನನಗೆ ಹೋಯಿತು.
ನಮ್ಮಪ್ಪ ತ್ಯಾವಣಿಗೆ ಕಡೆ ಭದ್ರಾ ಕಾಲುವೆಯ ನೀರಗಂಟಿ.
ಹೆಗಲ ಮೇಲೆ ಸಲಿಕೆ, ಕಿವಿಯ ಹಿಂದೆ ಬೀಡಿ,
ಕತ್ತಲಲ್ಲಿ ಬರಿಗಾಲಿಂದಲೇ ಓದುತ್ತಿದ್ದ
ಯಾವ ಗದ್ದೆ ತಣ್ಣಗಿದೆ, ಯಾವುದು ಇಲ್ಲ ಅಂತ.
'ಬದು ಒಡೆದ ಗದ್ದೆಗೆ ನೀರು ಬಿಡಬ್ಯಾಡ,
ಬಂದಂಗೇ ಹೋಗಿ ಹಳ್ಳ ಸೇರತೈತಿ,
ಬೆಳಿಗೂ ಇಲ್ಲ, ಬಾಯಿಗೂ ಇಲ್ಲ.'
ಒಂದು ಹಿಡಿ ಹುಲ್ಲು, ಎರಡು ಹೆಂಟೆ ಮಣ್ಣು,
ತೂಬಿನ ಬಾಯಿ ಬಂದ್.
ಬೈಸಿಕೊಂಡಿದ್ದಾನೆ. ಒಮ್ಮೆ ಹೊಡೆಸಿಕೊಂಡೂ ಇದ್ದಾನೆ.

ಅವನ ಲೆಕ್ಕ ತಪ್ಪಿದ್ದು ಒಂದೇ ರಾತ್ರಿ.
ಜಡಿಮಳೆ ಬಂದು ಯಾರಿಗೂ ನೀರು ಬೇಡವಾಗಿ
ಒಬ್ಬೊಬ್ಬರೂ ತಂತಮ್ಮ ತೂಬು ಮುಚ್ಚಿಕೊಂಡರು.
ಒಂದೊಂದೂ ಸರಿಯಾಗೇ ಮುಚ್ಚಿತ್ತು.
ಮೇಲಿಂದ ಬರುವ ನೀರಿಗೆ ಮಾತ್ರ ಯಾರೂ ಹೇಳಿರಲಿಲ್ಲ.
ಬೆಳಗಿನ ಜಾವ ಏರಿ ಒಡೆಯಿತು.

ಜೈತೂನ್‌ಬಿಯ ಪಾದ ಹೆಬ್ಬೆರಳಲ್ಲಿ ಒತ್ತಿದೆ.
ಗುಳಿ ಬಿತ್ತು. ಏಳಲಿಲ್ಲ.
ಗೂಡು ಗೂಡಿನ ಬಾಗಿಲಲ್ಲೂ ಬಿಗಿದ ಮುಷ್ಟಿ,
ಬಲಗುಂಡಿಗೆ ತಳ್ಳುತ್ತಲೇ ಇದೆ, ವರ್ಷಗಟ್ಟಲೆ,
ದಪ್ಪವಾಗಿ, ದಣಿದು;
ನೀರು ಹಿಂದೆ ಸರಿದು ಕಾಲಿಗೆ ಇಳಿದಿದೆ.

ಎರಡು ಗಂಟೆಗೆ ಮಗ ಖಾಸಿಂ,
ಆಟೋ ಹೊರಗೆ ನಿಲ್ಲಿಸಿ ಬಂದವನು,
ನಾನು ಆಚೆ ಹೋದಾಗ ಆಕ್ಸಿಜನ್ ತಿರುಪು
ಪೂರಾ ತಿರುಗಿಸಿಬಿಟ್ಟಿದ್ದ.
ತೊಂಬತ್ತೆಂಟು! ಅವನ ಮುಖದ ತುಂಬ ಹಬ್ಬ.
ಅಮ್ಮ ತೂಕಡಿಸುತ್ತಿದ್ದಳು, ಕರೆದರೆ ಓ ಅನ್ನಲಿಲ್ಲ.
ಇಳಿಸಿದೆ.
'ಗಾಳಿಗೂ ಜಿಪುಣತನ ಏನ್ರೀ ಸಿಸ್ಟರ್?'

ಹೇಗೆ ಹೇಳಲಿ ಖಾಸಿಂ,
ಮುಚ್ಚಿದ ತೂಬೆಲ್ಲ ಒಮ್ಮೆಗೇ ತೆರೆದರೆ
ರಕ್ತ ಕೆಟ್ಟ ಗದ್ದೆಗಳಿಗೇ ನುಗ್ಗುತ್ತದೆ,
ಅಲ್ಲಿ ಹೊರಗೆ ಹೋಗಬೇಕಾದ ಹೊಗೆ ಹೊರಗೆ ಹೋಗುವುದಿಲ್ಲ,
ನೆತ್ತಿಗೇರಿ ಮಂಪರು ಕವಿಯುತ್ತದೆ.
ಹೇಳಿದ್ದು ಇಷ್ಟೇ: 'ತೊಂಬತ್ತೆರಡು ದಾಟಬಾರದು.
ಈ ತಿರುಪು ಮುಟ್ಟಿದರೆ ನಿನ್ನ ಕೈ ಮುರೀತೀನಿ.'
ಹೇಳಿದ ಮೇಲೆ ಹೊಳೆಯಿತು, ಅದು ಅಪ್ಪನ ದನಿ.

ಐದರ ಹೊತ್ತಿಗೆ ಕಣ್ಣು ಬಿಟ್ಟಳು.
'ಎಷ್ಟೈತವ್ವ?'
'ತೊಂಬತ್ತು.'
'ನೂರಕ್ಕ?'
'ನೂರಕ್ಕೆ.'
'ಮತ್ತ ಪಾಸಾದ್ನಲ್ಲ!' ನಗಲು ಹೋಗಿ ಕೆಮ್ಮಿದಳು,
ನಾನು ಬೆನ್ನಿಗೆ ಕೈ ಕೊಟ್ಟು ಕೂರಿಸಿದೆ.
ಆಮೇಲೆ ಮಗನ ಕಡೆ ತಿರುಗಿ
'ನನ್ನ ಜರಡಿ ಇವತ್ತು ಯಾರು ಹಿಡಿದಾರ?
ನಿನ್ನ ಹೆಂಡ್ತಿ ಏನು?
ಬಾಯಿಗೆ ಬಟ್ಟೆ ಕಟ್ಕೊಳಾಕ ಹೇಳಿದ್ಯೋ ಇಲ್ಲೋ?'

ಖಾಸಿಂ ಕಿಟಕಿ ಕಡೆ ನೋಡಿದ.

ಎಂಬತ್ತೊಂಬತ್ತು.